ಹಳೇ ಕಾಂಕ್ರೀಟಿಗೆ ಹೊಸ ಕಂಬಿ: ಅಂಟು ಹಿಡಿಯೋದು ಹೇಗೆ, ಬಿಡೋದು ಯಾಕೆ?



ಸಂಘದಲ್ಲಿ ಸಾಲ ಕೇಳುವ ಕಾರಣಗಳಲ್ಲಿ ಮನೆ ಕೆಲಸಕ್ಕೆ ಯಾವಾಗಲೂ ಒಂದು ಜಾಗ ಇದ್ದೇ ಇರುತ್ತದೆ. ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಆಗಬೇಕು. ಹಿಂದುಗಡೆ ಬಚ್ಚಲು ಮನೆ ಸೇರಿಸಬೇಕು. ಮಳೆ ಒಳಗೆ ಹೊಡೆಯುತ್ತೆ, ಬಾಗಿಲ ಮೇಲೆ ಸಜ್ಜಾ ಬೇಕು. ಇಂಥ ಕೆಲಸಕ್ಕೆ ಮೇಸ್ತ್ರಿ ಬಂದು ನೋಡುತ್ತಾರೆ, ಹಳೇ ಪಿಲ್ಲರ್‌ನಲ್ಲಿ ಮೇಲಕ್ಕೆ ಕಂಬಿ ಬಿಟ್ಟಿಲ್ಲ ಅಂತ ಗೊತ್ತಾಗುತ್ತದೆ. ಆಗ ಅವರು ಹೇಳುವ ಮಾತು ಬಹುತೇಕ ಒಂದೇ: “ಚಿಂತೆ ಮಾಡಬೇಡಿ ಅಕ್ಕಾ, ಡ್ರಿಲ್ ಹೊಡೆದು ಕೆಮಿಕಲ್ ಹಾಕಿ ಕಂಬಿ ಕೂರಿಸ್ತೀನಿ. ಕಲ್ಲಿನ ಹಾಗೆ ಹಿಡ್ಕೊಳ್ಳುತ್ತೆ.”

ಈ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕೆಮಿಕಲ್ ಅಂತ ಅವರು ಕರೆಯುವುದು ಎಪಾಕ್ಸಿ ಎಂಬ ರಾಳದ ಅಂಟನ್ನು. ಸೇತುವೆ, ಅಣೆಕಟ್ಟು, ದೊಡ್ಡ ಕಟ್ಟಡಗಳಲ್ಲೆಲ್ಲ ಇದನ್ನು ಬಳಸುತ್ತಾರೆ. ಸರಿಯಾಗಿ ಹಾಕಿದರೆ ಒಳ್ಳೆಯ ಕೆಲಸ. ತಪ್ಪಾಗಿ ಹಾಕಿದರೂ ಹೊರಗಿನಿಂದ ನೋಡೋಕೆ ಎರಡೂ ಒಂದೇ ತರಹ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ. ಕಂಬಿ ನಿಂತಿರುತ್ತೆ, ಅಲ್ಲಾಡಿಸಿದರೆ ಅಲ್ಲಾಡಲ್ಲ, ನಾವು ದುಡ್ಡು ಕೊಟ್ಟು ಕಳಿಸುತ್ತೇವೆ. ಒಳಗೆ ಏನಾಗಿದೆ ಅಂತ ಗೊತ್ತಾಗೋದು ಭಾರ ಬಿದ್ದ ಮೇಲೆ. ಹಾಗಾಗಿ ಕೆಲಸ ನಡೆಯುವಾಗಲೇ ಪಕ್ಕದಲ್ಲಿ ನಿಂತು ನೋಡಬೇಕು. ಏನು ನೋಡಬೇಕು ಅನ್ನೋದೇ ಈ ಲೇಖನ.

ಕಂಬಿ ಯಾಕೆ ಬೇಕು?

ಕಾಂಕ್ರೀಟು ಒತ್ತಿದರೆ ಬಲ, ಎಳೆದರೆ ದುರ್ಬಲ. ತಲೆ ಮೇಲೆ ಎಷ್ಟು ಹೊರೆ ಇಟ್ಟರೂ ಹೊರುತ್ತೆ, ಎರಡು ಕಡೆಯಿಂದ ಜಗ್ಗಿದರೆ ಮಾತ್ರ ಬಿರುಕು ಬಿಡುತ್ತೆ. ಆ ಎಳೆತ ತಡೆಯೋಕೆ ಒಳಗೆ ಕಬ್ಬಿಣದ ಕಂಬಿ ಹಾಕುತ್ತಾರೆ. ಬೆರಳಿಗಿಂತ ಸಪೂರವಾದ 12 ಮಿ.ಮೀ. ಕಂಬಿಯೊಂದು ಐದು ಟನ್ನಿಗಿಂತ ಹೆಚ್ಚು ಎಳೆತ ತಡೆಯುತ್ತದೆ. ಆದರೆ ಒಂದು ಷರತ್ತು ಇದೆ. ಕಾಂಕ್ರೀಟು ಕಂಬಿಯನ್ನು ಬಿಗಿಯಾಗಿ ಹಿಡಿದಿರಬೇಕು. ಹಿಡಿತ ತಪ್ಪಿದರೆ ಕಂಬಿ ತುಂಡಾಗಲ್ಲ, ಬತ್ತಿಯ ಹಾಗೆ ಜಾರಿ ಈಚೆಗೆ ಬರುತ್ತೆ. ಕಂಬಿಯ ಮೈಮೇಲೆ ಏಣು ಏಣಾಗಿ ಗೆರೆ ಇರೋದು ಅದಕ್ಕೇ, ಕಾಂಕ್ರೀಟು ಅದನ್ನು ಕಚ್ಚಿ ಹಿಡಿಯಲಿ ಅಂತ.

ಹೊಸದಾಗಿ ಕಟ್ಟುವಾಗ ಕಂಬಿ ನಿಲ್ಲಿಸಿ ಸುತ್ತಲೂ ಕಾಂಕ್ರೀಟು ಹಾಕುತ್ತೇವೆ, ಹಿಡಿತ ತಾನಾಗಿ ಬರುತ್ತೆ. ಹಳೇ ಕಾಂಕ್ರೀಟಿನ ಪಕ್ಕ ಹೊಸ ಕಾಂಕ್ರೀಟು ಸುರಿದರೆ ಮಾತ್ರ ಅವೆರಡೂ ಅಕ್ಕಪಕ್ಕ ಕೂತಿರುತ್ತವೆ, ಕೂಡಿಕೊಳ್ಳುವುದಿಲ್ಲ. ಎರಡನ್ನೂ ಹೊಲಿಯುವ ದಾರ ಅಂದರೆ ಕಂಬಿ. ಹಳೇದರಲ್ಲಿ ತೂತು ಕೊರೆದು ಅಂಟು ತುಂಬಿ ಕಂಬಿಯ ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಕೂರಿಸುವ ಈ ಕೆಲಸಕ್ಕೆ ಕಂಟ್ರಾಕ್ಟರುಗಳ ಬಾಯಲ್ಲಿ ರೀಬಾರಿಂಗ್ ಅಂತ ಹೆಸರು.

ಅಂಟಿನ ಗುಣ

ಮುರಿದ ಸಾಮಾನು ಅಂಟಿಸೋಕೆ ಅರಾಲ್ಡೈಟ್ ತಂದಿರುತ್ತೀರಿ. ಅದರಲ್ಲಿ ಎರಡು ಟ್ಯೂಬು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿ ಮಾಡುವ ಹಾರ್ಡನರ್. ಬೇರೆ ಬೇರೆ ಇಟ್ಟರೆ ಎರಡೂ ಮೆತ್ತಗೇ ಇರುತ್ತವೆ. ಕೂಡಿಸಿದರೆ ಗಟ್ಟಿ. ಕಂಬಿಗೆ ಹಾಕುವ ಎಪಾಕ್ಸಿಯೂ ಇದೇ ಜಾತಿ. ಇದು ಸುಣ್ಣ, ಬಣ್ಣದ ಹಾಗೆ ಒಣಗಿ ಗಟ್ಟಿಯಾಗೋದಲ್ಲ. ಎರಡು ವಸ್ತು ಸೇರಿ ಮೂರನೆಯದಾಗುತ್ತೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಅನ್ನಿ. ಆದರೆ ಹೆಪ್ಪು ಹಾಕೋದರಲ್ಲಿ ಕೈ ಅಂದಾಜು ನಡೆಯುತ್ತೆ, ಇಲ್ಲಿ ನಡೆಯಲ್ಲ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ ಜೋಡಿ ಸಿಗದೆ ಉಳಿದದ್ದು ಮೆತ್ತಗೇ ಉಳಿದುಬಿಡುತ್ತೆ.

ಅದಕ್ಕೇ ಒಳ್ಳೆಯ ಅಂಟು ಜೋಡಿ ಕೊಳವೆಯ ಟ್ಯೂಬಿನಲ್ಲಿ ಬರುತ್ತೆ. ಬಂದೂಕಿನಂಥ ಸಾಧನಕ್ಕೆ ಹಾಕಿ ಒತ್ತಿದರೆ ಮುಂದಿನ ಉದ್ದ ಮೂತಿಯೊಳಗೆ ಎರಡೂ ಸುತ್ತಿ ಸುತ್ತಿ ಬೆರೆತು ಹೊರಬರುತ್ತವೆ. ಮೊದಲು ಬರುವ ಅಂಟಿನಲ್ಲಿ ಎರಡು ಬಣ್ಣ ಗೆರೆ ಗೆರೆಯಾಗಿ ಕಾಣುತ್ತದೆ. ಅದು ಬೆರೆತಿಲ್ಲ, ಅದನ್ನು ಎಸೆಯಬೇಕು. ಒಂದೇ ಬಣ್ಣ ಬರೋ ತನಕ ಎಸೆದು ಆಮೇಲೆ ತೂತಿಗೆ ಹಾಕಬೇಕು. “ದುಬಾರಿ ಮಾಲು, ಯಾಕೆ ಎಸೀಬೇಕು” ಅಂತ ಮೊದಲ ತೂತಿಗೇ ತುಂಬಿದರೆ ಆ ಒಂದು ಕಂಬಿ ಹೋಯಿತು ಅಂತಲೇ ಲೆಕ್ಕ.

ಟ್ಯೂಬಿನ ಮೇಲೆ ಅವಧಿ ಮುಗಿಯುವ ತಾರೀಖು ಇರುತ್ತದೆ. ಮಾತ್ರೆ ತರುವಾಗ ನೋಡುವ ಹಾಗೆ ಇದನ್ನೂ ನೋಡಿ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಟ್ಯೂಬು ಬೇಡ.

ತೂತು ಶುಚಿ ಮಾಡುವುದು

ಇಡೀ ಕೆಲಸದಲ್ಲಿ ನಮ್ಮಲ್ಲಿ ಅತಿ ಹೆಚ್ಚು ಹಾರಿಸಿಬಿಡುವ ಹಂತ ಇದು ಅಂತ ನನ್ನ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚಪಾತಿ ಲಟ್ಟಿಸುವಾಗ ಮಣೆ ಮೇಲೆ ಒಣ ಹಿಟ್ಟು ಯಾಕೆ ಉದುರಿಸುತ್ತೇವೆ? ಹಿಟ್ಟಿನ ಉಂಡೆ ಮಣೆಗೆ ಅಂಟಬಾರದು ಅಂತ. ಡ್ರಿಲ್ ಕೊರೆದಾಗ ತೂತಿನ ಒಳಗೋಡೆಗೆ ಮೆತ್ತಿಕೊಳ್ಳುವ ಕಾಂಕ್ರೀಟಿನ ಹುಡಿಯೂ ಅದೇ ಕೆಲಸ ಮಾಡುತ್ತದೆ. ಅಂಟು ಹಿಡಿಯೋದು ಹುಡಿಯನ್ನು, ಕಾಂಕ್ರೀಟನ್ನಲ್ಲ. ಕಂಬಿ ನೆಟ್ಟಗೆ ನಿಂತಿರುತ್ತೆ. ಭಾರ ಬಿದ್ದಾಗ ಅಂಟಿನ ಸಮೇತ ಕಳಚಿ ಬರುತ್ತೆ, ಅಂಟಿನ ಮೈಗೆ ಬೂದಿ ಬಣ್ಣದ ಹುಡಿ ಮೆತ್ತಿರುತ್ತೆ.

ಹಾಗಾದರೆ ಶುಚಿ ಹೇಗೆ? ತೂತಿನ ತಳಕ್ಕೆ ಮುಟ್ಟುವ ಕೊಳವೆಯಿಂದ ಗಾಳಿ ಊದಬೇಕು. ಆಮೇಲೆ ತೂತಿನ ಅಳತೆಗೆ ಸರಿಯಾದ ದುಂಡನೆಯ ತಂತಿ ಬ್ರಷ್ ತಳದ ತನಕ ಹಾಕಿ ತಿರುಗಿಸಿ ಉಜ್ಜಬೇಕು, ಬಾಟಲಿ ತೊಳೆಯುವ ಬ್ರಷ್ ಇದೆಯಲ್ಲ, ಆ ತರಹದ್ದು. ಮತ್ತೆ ಗಾಳಿ ಊದಬೇಕು. ಊದು, ಉಜ್ಜು, ಊದು. ಎಷ್ಟು ಸಲ ಅಂತ ಆಯಾ ಕಂಪನಿಯ ಚೀಟಿಯಲ್ಲಿ ಬರೆದಿರುತ್ತೆ. ಬರೀ ಊದಿದರೆ ಸಡಿಲ ಹುಡಿ ಹೋಗುತ್ತೆ, ಮೆತ್ತಿದ್ದು ಹೋಗಲ್ಲ. ಬಾಯಿಂದ ಪೈಪು ಹಿಡಿದು ಊದೋದಂತೂ ಬೇಡ. ಉಸಿರಿನ ತೇವ ಒಳಗೆ ಹೋಗುತ್ತೆ, ಹುಡಿ ನೇರ ಕಣ್ಣಿಗೆ ಬರುತ್ತೆ. ನೀರು ಹುಯ್ದು ತೊಳೆಯುವುದೂ ಎಲ್ಲ ಅಂಟಿಗೂ ಆಗದು. ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಮಾಡಬಹುದು, ಇಲ್ಲದಿದ್ದರೆ ಹುಡಿ ಕೆಸರಾಗಿ ಗೋಡೆಗೆ ಇನ್ನಷ್ಟು ಮೆತ್ತಿಕೊಳ್ಳುತ್ತೆ. ಮಳೆಗಾಲದಲ್ಲಿ ತಾರಸಿ ಮೇಲಿನ ತೂತಿಗೆ ನೀರು ಇಳಿಯದ ಹಾಗೆ ಮುಚ್ಚಿಡಿ.

ಪರೀಕ್ಷೆ ಸುಲಭ. ಕೆಲಸದವರು “ಆಯ್ತು” ಅಂದ ಮೇಲೆ ನೀವು ಕಿರುಬೆರಳು ತೂತಿನ ಬಾಯಿಯೊಳಗೆ ಆಡಿಸಿ ನೋಡಿ. ಬೆರಳಿಗೆ ಪೌಡರ್ ಹಚ್ಚಿದ ಹಾಗೆ ಬಂದರೆ ಮತ್ತೊಮ್ಮೆ ಉಜ್ಜಲು ಹೇಳಿ. ಬ್ರಷ್ಷೇ ತಂದಿಲ್ಲ ಅಂದರೆ ಆ ದಿನ ಕೆಲಸ ಶುರು ಮಾಡಿಸಬೇಡಿ.

ಅಗಲ, ಆಳ, ತುಂಬುವ ಕ್ರಮ

ತೂತು ಕಂಬಿಗಿಂತ ಸ್ವಲ್ಪವೇ ಅಗಲ ಇರಬೇಕು. 12 ಮಿ.ಮೀ. ಕಂಬಿಗೆ ಸಾಮಾನ್ಯವಾಗಿ 16 ಮಿ.ಮೀ. ತೂತು. ಆಗ ಸುತ್ತಲೂ 2 ಮಿ.ಮೀ. ಅಂಟಿಗೆ ಜಾಗ ಸಿಗುತ್ತೆ.

ಆಳದ ವಿಷಯ ಹೆಚ್ಚು ಮುಖ್ಯ. ಕೆಲಸದವರಲ್ಲಿ ‘ಕಂಬಿಯ ದಪ್ಪದ ಹತ್ತು ಪಟ್ಟು’ ಅನ್ನೋ ಒಂದು ಲೆಕ್ಕ ಓಡಾಡುತ್ತಿದೆ, ಅಂದರೆ 12 ಮಿ.ಮೀ. ಕಂಬಿಗೆ 12 ಸೆಂ.ಮೀ., ಸುಮಾರು ಒಂದು ಗೇಣಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕೆಲವು ಕಡೆ ಅಷ್ಟು ಸಾಕು, ಎಲ್ಲ ಕಡೆ ಸಾಲದು. ಹೋಲಿಕೆಗೆ ಹೇಳುವುದಾದರೆ, ಕಾಂಕ್ರೀಟು ಹಾಕುವಾಗಲೇ ಹೂತ ಕಂಬಿಗೆ 2000ದ ಭಾರತೀಯ ಮಾನಕ ಐ.ಎಸ್. 456ರ ಲೆಕ್ಕದಂತೆ, ಎಂ-20 ಕಾಂಕ್ರೀಟು ಮತ್ತು 415 ದರ್ಜೆಯ ಕಂಬಿ ಆದರೆ, ಪೂರ್ತಿ ಎಳೆತ ತಡೆಯಲು ದಪ್ಪದ 47 ಪಟ್ಟು ಉದ್ದ ಬೇಕು. 12 ಮಿ.ಮೀ. ಕಂಬಿಗೆ ಅದು 56 ಸೆಂ.ಮೀ. ದಾಟುತ್ತದೆ. ಅಂಟಿನ ಹಿಡಿತ ಸಾದಾ ಕಾಂಕ್ರೀಟಿಗಿಂತ ಹೆಚ್ಚು ಅನ್ನೋದು ನಿಜ. ಆದರೆ ಅಂಟು ಗಟ್ಟಿಯಿದ್ದು ಆಳ ಕಡಿಮೆಯಾದರೆ ಕಂಬಿಯ ಸುತ್ತಲಿನ ಕಾಂಕ್ರೀಟೇ ಆಲಿಕೆ ಆಕಾರದಲ್ಲಿ ಕಿತ್ತು ಬರುತ್ತೆ. ಗಿಡ ಕೀಳುವಾಗ ಬೇರಿನ ಜೊತೆ ಮಣ್ಣಿನ ಹೆಂಟೆ ಬರೋದಿಲ್ಲವೇ, ಹಾಗೆ. ಹಾಗಾಗಿ ಆಳ ಎಷ್ಟು ಅಂತ ಹೇಳಬೇಕಾದವರು ಇಂಜಿನಿಯರ್. ಅವರು ಬರೆದುಕೊಟ್ಟ ಆಳ ಬಂದಿದೆಯೋ ಇಲ್ಲವೋ ಅಂತ ನೋಡಬೇಕಾದವರು ನಾವು. ತೆಂಗಿನ ಪೊರಕೆಯ ಒಂದು ಕಡ್ಡಿಗೆ ಅಳತೆಯ ಜಾಗದಲ್ಲಿ ದಾರ ಕಟ್ಟಿ ಪ್ರತಿ ತೂತಿಗೂ ಇಳಿಸಿ ನೋಡಿದರೆ ಸಾಕು.

ಕೊರೆಯುವಾಗ ಒಳಗಿನ ಹಳೇ ಕಂಬಿ ಅಡ್ಡ ಬರುತ್ತೆ. ಆಗ ಅದನ್ನು ಕತ್ತರಿಸಿ ಮುಂದೆ ಹೋಗಬಾರದು, ತೂತಿನ ಜಾಗ ಬದಲಿಸಬೇಕು. ಬಿಟ್ಟ ತೂತನ್ನು ಮುಚ್ಚಬೇಕು. ಪಿಲ್ಲರಿನ ಅಂಚಿಗೆ ತೀರಾ ಹತ್ತಿರ ಕೊರೆದರೂ ಅಂಚು ಒಡೆಯುತ್ತದೆ.

ಅಂಟನ್ನು ತೂತಿನ ತಳದಿಂದ ತುಂಬುತ್ತಾ ಮೂತಿಯನ್ನು ನಿಧಾನಕ್ಕೆ ಈಚೆಗೆ ಎಳೆಯಬೇಕು. ಬಾಯಿಂದ ತುಂಬಿದರೆ ತಳದಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ. ಸುಮಾರು ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಕಂಬಿಯನ್ನು ತಿರುಗಿಸುತ್ತಾ ಒಳಗೆ ತಳ್ಳಬೇಕು. ಸುತ್ತಿಗೆಯಲ್ಲಿ ಬಡಿಯೋದಲ್ಲ. ಕಂಬಿ ತಳ ಮುಟ್ಟಿದಾಗ ಬಾಯಲ್ಲಿ ಸುತ್ತಲೂ ಅಂಟು ಉಕ್ಕಿ ಬರಬೇಕು. ಉಕ್ಕಲಿಲ್ಲ ಅಂದರೆ ಒಳಗೆ ಖಾಲಿ ಇದೆ ಅಂತ ಅರ್ಥ. ಕಂಬಿಯ ಮೇಲೆ ಮಣ್ಣು, ಎಣ್ಣೆ, ಪದರ ಪದರ ತುಕ್ಕು ಇರಬಾರದು.

ಆಮೇಲೆ ಕಾಯಬೇಕು. ಬಿಸಿಲಿಗೆ ಬೇಗ, ಚಳಿಗೆ ನಿಧಾನ. ಎಷ್ಟು ಹೊತ್ತು ಅನ್ನುವ ಪಟ್ಟಿ ಟ್ಯೂಬಿನ ಮೇಲೆಯೇ ಇರುತ್ತೆ. ಅಷ್ಟು ಹೊತ್ತು ಕಂಬಿಗೆ ರಿಂಗ್ ಕಟ್ಟುವುದು, ಬಗ್ಗಿಸುವುದು, ಬಟ್ಟೆ ಒಣಹಾಕಲು ಹಗ್ಗ ಕಟ್ಟುವುದು ಯಾವುದೂ ಬೇಡ. (ಕೊನೆಯದು ನಗೆಗೆ ಹೇಳಿದ್ದಲ್ಲ. ನಿಂತ ಕಂಬಿ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ.)

ಎಲ್ಲಿ ಬೇಡ?

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೆಲವು ಕಡೆ ಈ ಕೆಲಸ ಬೇಡ. ಅದಕ್ಕೆ ಕಾರಣ ಅರ್ಥವಾಗಲು ದೂರದ ಒಂದು ಘಟನೆ ನೋಡೋಣ.

ಅಮೆರಿಕದ ಬೋಸ್ಟನ್ ನಗರದಲ್ಲಿ ಬಿಗ್ ಡಿಗ್ ಅನ್ನುವ ಭಾರಿ ಸುರಂಗ ರಸ್ತೆ ಯೋಜನೆ ಆಯಿತು. ಒಂದು ಸುರಂಗದ ಚಾವಣಿಗೆ ಕಾಂಕ್ರೀಟಿನ ದೊಡ್ಡ ಹಲಗೆಗಳನ್ನು ತೂಗುಹಾಕಿದ್ದರು. ಮೇಲಿನ ಕಾಂಕ್ರೀಟಿಗೆ ಸುಮಾರು 5 ಇಂಚು ಆಳ ತೂತು ಕೊರೆದು ಎಪಾಕ್ಸಿ ಹಾಕಿ ಉಕ್ಕಿನ ಸರಳು ಕೂರಿಸಿ ಅದಕ್ಕೆ ಹಲಗೆ ನೇತುಹಾಕಿದ್ದು. 2006ರ ಜುಲೈ 10ರ ರಾತ್ರಿ ಸುಮಾರು 26 ಟನ್ ಕಾಂಕ್ರೀಟು ಕೆಳಗೆ ಹೋಗುತ್ತಿದ್ದ ಕಾರಿನ ಮೇಲೆ ಬಿತ್ತು. ಕಾರಿನಲ್ಲಿದ್ದ ಹೆಂಗಸು ತೀರಿಕೊಂಡರು. ಗಂಡ ಸಣ್ಣ ಗಾಯಗಳೊಂದಿಗೆ ಉಳಿದರು.

ಆ ಸರಳುಗಳನ್ನು ಕೂರಿಸಿದಾಗ ಜಗ್ಗಿ ಪರೀಕ್ಷೆ ಮಾಡಿದ್ದರು, ಪಾಸಾಗಿದ್ದವು. ಹಾಗಾದರೆ ಬಿದ್ದದ್ದು ಹೇಗೆ? ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರಲ್ಲಿ ಕಾರಣ ಹೇಳಿತು. ಬಳಸಿದ್ದು ಬೇಗ ಗಟ್ಟಿಯಾಗುವ ಬಗೆಯ ಎಪಾಕ್ಸಿ. ಸ್ವಲ್ಪ ಹೊತ್ತಿನ ಎಳೆತವನ್ನು ಅದು ಚೆನ್ನಾಗಿ ತಡೆಯುತ್ತೆ. ಹಗಲು ರಾತ್ರಿ ಬಿಡದೆ ಎಳೆಯುತ್ತಿದ್ದರೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುತ್ತಾ ಹೋಗುತ್ತೆ. ರಸ್ತೆಯ ಡಾಂಬರು ನೆನಪಿಸಿಕೊಳ್ಳಿ. ಗಟ್ಟಿ ಡಾಂಬರಿನ ಉಂಡೆಯನ್ನು ಕಲ್ಲಿಗೆ ಹೊಡೆದರೆ ಚೂರಾಗುತ್ತೆ, ಅದನ್ನೇ ಮೂಲೆಯಲ್ಲಿಟ್ಟು ಬಿಟ್ಟರೆ ಕೆಲವು ದಿನಕ್ಕೆ ತಾನಾಗಿ ಚಪ್ಪಟೆಯಾಗಿ ಹರಡುತ್ತೆ. ಇಂಜಿನಿಯರುಗಳು ಇದನ್ನು ಕ್ರೀಪ್ ಅನ್ನುತ್ತಾರೆ. ಕೆಲಸ ನಡೆಯುತ್ತಿದ್ದ 1999ರಲ್ಲೇ ಕೆಲವು ಸರಳು ಕೆಳಕ್ಕೆ ಜಾರಿದ್ದು ಕಣ್ಣಿಗೆ ಬಿದ್ದಿತ್ತು. ರಿಪೇರಿ ಮಾಡಿದರು, ಯಾಕೆ ಜಾರಿತು ಅನ್ನೋದನ್ನು ಸರಿಯಾಗಿ ಹುಡುಕಲಿಲ್ಲ.

ಜಪಾನಿನ ಸಸಾಗೊ ಸುರಂಗದಲ್ಲೂ 2012ರ ಡಿಸೆಂಬರ್ 2ರಂದು ಚಾವಣಿಯ ಹಲಗೆಗಳು ಕುಸಿದು ಒಂಬತ್ತು ಜನ ಸತ್ತರು. ಅಲ್ಲಿದ್ದದ್ದು ಬೇರೆ ಜಾತಿಯ ರಾಳ, ಆದರೆ ಅಂಟಿನಿಂದ ಮೇಲಕ್ಕೆ ಕೂರಿಸಿದ ಬೋಲ್ಟುಗಳೇ. ಬೋಸ್ಟನ್ ಘಟನೆಯ ನಂತರ ಅಮೆರಿಕದ ಕಾಂಕ್ರೀಟ್ ನಿಯಮಾವಳಿಯ 2011ರ ಆವೃತ್ತಿಯಲ್ಲಿ, ಅಡ್ಡಲಾಗಿ ಅಥವಾ ಮೇಲ್ಮುಖವಾಗಿ ಕೂರಿಸಿ ಸದಾ ಎಳೆತ ಬೀಳುವ ಅಂಟಿನ ಕಂಬಿಗಳನ್ನು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರೇ ಅಳವಡಿಸಬೇಕು ಅಂತ ಸೇರಿಸಿದರು.

ಸುರಂಗ ನಮ್ಮ ಮನೆಯಲ್ಲಿಲ್ಲ, ಸಜ್ಜಾ ಇದೆ. ಗೋಡೆಯಿಂದ ಹೊರಗೆ ಚಾಚಿ ಕೆಳಗೆ ಆಧಾರವಿಲ್ಲದೆ ನಿಂತ ಸಜ್ಜಾ, ಬಾಲ್ಕನಿಗಳ ಮೇಲ್ಭಾಗದ ಕಂಬಿಗಳು ಕಟ್ಟಿದ ದಿನದಿಂದ ಕೆಡವುವ ದಿನದವರೆಗೆ ಎಳೆತದಲ್ಲೇ ಇರುತ್ತವೆ. ಚಾಚಿದ ಕೈಯಲ್ಲಿ ಕೊಡ ಹಿಡಿದ ಹಾಗೆ. ಅದರ ಮೇಲೆ ನೀರಿನ ಟ್ಯಾಂಕು ಬೇರೆ ಇಟ್ಟರೆ ಕೇಳುವುದೇ ಬೇಡ. ಹೊಸ ಸಜ್ಜಾ, ಬಾಲ್ಕನಿಯನ್ನು ಬರೀ ಅಂಟಿಸಿದ ಕಂಬಿಯ ಮೇಲೆ ನಿಲ್ಲಿಸುತ್ತೇನೆ ಅಂತ ಮೇಸ್ತ್ರಿ ಹೇಳಿದರೆ, ಇಂಜಿನಿಯರ್ ಬಂದು ನೋಡಿ ಕಾಗದದ ಮೇಲೆ ಬರೆದುಕೊಡದೆ ಒಪ್ಪಬೇಡಿ. ಕೆಳಗೆ ಎರಡು ಕಂಬ ಕೊಟ್ಟು ನಿಲ್ಲಿಸುವುದು, ಅಥವಾ ತಗಡಿನ ಹಗುರ ಮಾಡು ಹಾಕುವುದು ಎಷ್ಟೋ ಮೇಲು. ಆ ಸಜ್ಜಾದ ಕೆಳಗೆ ಕೂತು ಬೀಡಿ ಕಟ್ಟುವವರು, ಅಕ್ಕಿ ಆರಿಸುವವರು, ಮಗುವಿಗೆ ಊಟ ಮಾಡಿಸುವವರು ನಾವೇ.

ಪಿಲ್ಲರಿನ ಮೇಲೆ ಪಿಲ್ಲರ್ ಎಬ್ಬಿಸುವಾಗ ಭಾರ ಮುಖ್ಯವಾಗಿ ಕೆಳಕ್ಕೆ ಒತ್ತುವುದರಿಂದ ಅಪಾಯ ಅಷ್ಟಿಲ್ಲ. ಹಳೇ ಬೀಮಿಗೆ ಹೊಸ ಬಚ್ಚಲಿನ ನೆಲದ ಬೀಮ್ ಕೂಡಿಸುವುದು, ಮೆಟ್ಟಿಲು ಸೇರಿಸುವುದೂ ಸರಿಯಾಗಿ ಮಾಡಿದರೆ ಆಗುವ ಕೆಲಸಗಳೇ. ಇಟ್ಟಿಗೆ, ಕೆಂಪುಕಲ್ಲು, ಸಿಮೆಂಟ್ ಬ್ಲಾಕಿನ ಗೋಡೆಗೆ ಮಾತ್ರ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಇದು ಗಟ್ಟಿ ಕಾಂಕ್ರೀಟಿನ ಮಾತು. ಇನ್ನೊಂದು, ಕಂಬಿ ಎಷ್ಟೇ ಚೆನ್ನಾಗಿ ಕೂತರೂ ಪಾಯದ ಶಕ್ತಿ ಹೆಚ್ಚಾಗುವುದಿಲ್ಲ. ಒಂದು ಅಂತಸ್ತಿಗೆ ಹಾಕಿದ ಪಾಯದ ಮೇಲೆ ಎರಡನೆಯದು ಏರಿಸಬಹುದೋ ಇಲ್ಲವೋ ಅನ್ನೋದು ಮೊದಲು ಕೇಳಬೇಕಾದ ಪ್ರಶ್ನೆ.

ಈಗ ಮನೆ ಕಟ್ಟುತ್ತಿರುವವರಿಗೆ ಒಂದು ಮಾತು. ಮುಂದೆ ಮಹಡಿ ಎಬ್ಬಿಸುವ ಆಸೆ ಇದ್ದರೆ ಈಗಲೇ ಪಿಲ್ಲರಿನಿಂದ ಸಾಕಷ್ಟು ಉದ್ದ ಕಂಬಿ ಬಿಡಿಸಿಕೊಳ್ಳಿ. ಬಿಟ್ಟ ಕಂಬಿಗೆ ಸಿಮೆಂಟ್ ಹಾಲು ಬಳಿದು, ಸುತ್ತ ತೆಳು ಕಾಂಕ್ರೀಟು ಹಾಕಿ ಮುಚ್ಚಿಸಿ, ಬೇಕಾದಾಗ ಒಡೆದು ತೆಗೆಯಬಹುದು. ತುದಿಗೆ ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕುವುದು ಕಣ್ಣಿಗೆ ಚುಚ್ಚದಿರಲು ಸರಿ, ತುಕ್ಕಿಗೆ ಸಾಲದು. ಇದಕ್ಕೆ ಆಗುವ ಖರ್ಚು ಮುಂದೆ ಅಂಟಿಗೆ ಹಾಕುವ ಖರ್ಚಿಗಿಂತ ಬಹಳ ಕಡಿಮೆ.

ಬೆಂಕಿ, ಕೈ, ಉಸಿರು

ಎಪಾಕ್ಸಿಗೆ ಬಿಸಿ ಆಗುವುದಿಲ್ಲ, ಮೆತ್ತಗಾಗುತ್ತೆ. ಅಂಟಿಸಿದ ಕಂಬಿಗೆ ಬುಡದ ಹತ್ತಿರ ವೆಲ್ಡಿಂಗ್ ಮಾಡಿದರೆ ಬಿಸಿ ಕಂಬಿಯ ಮೂಲಕವೇ ಒಳಗಿಳಿದು ಅಂಟನ್ನು ಕೆಡಿಸುತ್ತೆ. ಬಗ್ಗಿಸಲೆಂದು ಬೆಂಕಿ ಹಚ್ಚಿ ಕಾಯಿಸುವುದೂ ಬೇಡ.

ಕಟ್ಟಡ ಕೆಲಸಕ್ಕೆ ಹೋಗುವ ಸಹೋದರಿಯರೂ ನಮ್ಮ ಸಂಘಗಳಲ್ಲಿದ್ದಾರೆ. ಗಟ್ಟಿಯಾಗದ ಎಪಾಕ್ಸಿ ಬರಿಗೈಗೆ ತಾಗಿದರೆ ಕೆಲವರಿಗೆ ಕಜ್ಜಿಯಂತೆ ಅಲರ್ಜಿ ಬರುತ್ತದೆ. ಒಮ್ಮೆ ಶುರುವಾದರೆ ಮುಂದೆ ಸ್ವಲ್ಪ ತಾಗಿದರೂ ಮರುಕಳಿಸುತ್ತದೆ. ಗ್ಲೌಸ್ ಕೇಳಿ ಪಡೆಯಿರಿ. ಕೈಗೆ ಮೆತ್ತಿದರೆ ಬಟ್ಟೆಯಲ್ಲಿ ಒರೆಸಿ ಸಾಬೂನು ನೀರಿನಲ್ಲಿ ತೊಳೆಯಿರಿ, ಥಿನ್ನರ್, ಸೀಮೆಎಣ್ಣೆ ಬೇಡ, ಅವು ಅಂಟನ್ನು ಚರ್ಮದೊಳಗೆ ಇಳಿಸುತ್ತವೆ. ಕಾಂಕ್ರೀಟಿನ ಹುಡಿಯೂ ಕೆಟ್ಟದ್ದು. ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ಕಾಯಿಲೆ ತರುತ್ತದೆ. ಸೆರಗು ಮುಚ್ಚಿಕೊಂಡರೆ ಸಾಲದು, ಮಾಸ್ಕ್ ಬೇಕು.

ಟ್ಯೂಬಿನ ಲೆಕ್ಕ

ಸಂಘದ ಪುಸ್ತಕದಲ್ಲಿ ಪೈಸೆ ಪೈಸೆ ಕೂಡಿಸುವ ನಮಗೆ ಇದು ಕಷ್ಟದ ಲೆಕ್ಕವಲ್ಲ. ನಾಲ್ಕು ಪಿಲ್ಲರಿಗೆ ನಾಲ್ಕು ನಾಲ್ಕು, ಒಟ್ಟು 16 ಕಂಬಿ. ಕಂಬಿ 12 ಮಿ.ಮೀ., ತೂತು 16 ಮಿ.ಮೀ., ಇಂಜಿನಿಯರ್ ಹೇಳಿದ ಆಳ 24 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಒಂದು ತೂತಿನಲ್ಲಿ ಕಂಬಿಯ ಜಾಗ ಬಿಟ್ಟು ಉಳಿಯುವ ಸಂದಿಗೆ 21 ಮಿ.ಲೀ. ಅಂಟು ಬೇಕು. ಹದಿನಾರಕ್ಕೆ ಸುಮಾರು 340 ಮಿ.ಲೀ. ಎಸೆಯುವುದು, ಉಕ್ಕುವುದು ಸೇರಿಸಿ ಕಾಲು ಭಾಗ ಹೆಚ್ಚು ಹಿಡಿದರೆ 425 ಮಿ.ಲೀ. ಅಂದರೆ 500 ಮಿ.ಲೀ. ಟ್ಯೂಬು ಒಂದು ಬಹುಪಾಲು ಖಾಲಿಯಾಗಬೇಕು. ಹದಿನಾರೂ ಮುಗಿದ ಮೇಲೆ ಟ್ಯೂಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಒಂದೋ ತೂತು ಆಳವಾಗಿಲ್ಲ, ಇಲ್ಲವೇ ಅಂಟು ತುಂಬಿಲ್ಲ. ಅದಕ್ಕೇ ಖಾಲಿ ಟ್ಯೂಬುಗಳನ್ನು ಎಸೆಯಲು ಬಿಡಬೇಡಿ, ಕೊನೆಯ ಕಂತು ಕೊಡುವ ಮುಂಚೆ ಮೇಸ್ತ್ರಿಯ ಮುಂದೆಯೇ ಎಣಿಸಿ. ಅರ್ಧ ಉಳಿದ ಟ್ಯೂಬನ್ನು ಮತ್ತೊಂದು ದಿನ ಬಳಸುವುದಾದರೆ ಹಳೇ ಮೂತಿಯೊಳಗೆ ಅಂಟು ಗಟ್ಟಿಯಾಗಿರುತ್ತೆ, ಹೊಸ ಮೂತಿ ಹಾಕಬೇಕು, ಮತ್ತೆ ಒಂದೇ ಬಣ್ಣ ಬರುವ ತನಕ ಎಸೆಯಬೇಕು.